ಕೇಳಿದರೆ

ಸಂಡೂರಿನ ಮೈದಾನದಲ್ಲಿ ಬಿಳಿಗೆ ಆಯುಷ್ಯ ಕಡಿಮೆ.
ಮೊದಲ ಬೇಸಿಗೆ ಜೋಡಿ ಚೀಲ ಹಾಸಿದ್ದೆವು,
ಬಿಳಿಯದು ಹಿಡಿಯುವವಳಿಗೆ, ಕಿತ್ತಳೆಯದು ಓಡುವವಳಿಗೆ.
ಎರಡನೇ ಇನಿಂಗ್ಸಿಗೆ ಅದಿರಿನ ಧೂಳು ಕೂತು
ಎರಡೂ ಒಂದೇ ಬಣ್ಣ.
ನನ್ನ ಅಂಗಿ, ಸ್ಕೋರು ಬರೆಯುವ ಹೊನ್ನೂರಪ್ಪನ ಹುಬ್ಬು,
ನೀರಿನ ಕೊಡದ ಮೇಲಿನ ತಟ್ಟೆ,
ಎಲ್ಲ ಅದೇ.

ಸಿರುಗುಪ್ಪದ ಹುಡುಗಿಯರು ಹಿಡಿಯುತ್ತಿದ್ದರು.
ಸಂಡೂರಿನ ಮಾರೆಕ್ಕ ಬೀಸಿದಳು,
ಬ್ಯಾಟು ನೆಲಕ್ಕೆ ಬೀಳುವ ಮೊದಲೇ ಓಡಿದಳು
ಅಣ್ಣನ ಬೂಟಿನಲ್ಲಿ, ತುದಿಗೆ ಹತ್ತಿ ತುರುಕಿಕೊಂಡು.
ಚೆಂಡು ಎತ್ತರ ಬಂತು.
ಉರುಕುಂದಮ್ಮ ನೆಗೆದಳು, ಹಿಡಿದಳು,
ಹಿಡಿದಾಗ ಅವಳ ಕಾಲು ಚೀಲದ ಮೇಲಿರಲಿಲ್ಲ.
ಮಾರೆಕ್ಕನ ಕಾಲೂ ಇರಲಿಲ್ಲ.
ಅದಕ್ಕೂ ಒಂದು ಉಸಿರು ಮೊದಲು ಆ ದೊಡ್ಡ ಬೂಟು
ಗೇಣು ಮೇಲಿಂದ ಹಾದು ಹೋಗಿತ್ತು,
ಮಲಗಿದವರನ್ನು ದಾಟುವ ಹಾಗೆ, ಮುಟ್ಟದೆ.

ನಾನು ಎರಡೂ ಕೈ ಚಾಚಿದೆ. ಸೇಫ್.
ಸುಳ್ಳಲ್ಲ.
ಚೆಂಡಿಗಿಂತ ಮೊದಲು ದಾಟಿದವಳು ಮುಟ್ಟಿದವಳೇ ಎಂದು
ಪುಸ್ತಕ ನಂಬುತ್ತದೆ, ಯಾರಾದರೂ
ಇಲ್ಲ ಎನ್ನುವ ತನಕ.
ಕಂಡದ್ದು ನನ್ನ ಕಣ್ಣಲ್ಲೇ ಇರಬೇಕು,
ಹುಬ್ಬು ಕೂಡ ಏಳಬಾರದು.
ಅಳದ ಕೂಸಿಗೆ ಹೆತ್ತವಳೂ ಹಾಲು ಕೊಡಳು ಅನ್ನುತ್ತಾರೆ.
ಹೆತ್ತವಳು ಕೊಟ್ಟಾಳು ಬಿಡಿ,
ಅಂಪೈರು ಕೊಡುವಂತಿಲ್ಲ.

ಓಡಿದ ಬಿರುಸಿಗೆ ಮಾರೆಕ್ಕ ಹತ್ತು ಹೆಜ್ಜೆ ಆಚೆ ಹೋಗಿದ್ದಳು.
ಈಗ ತಿರುಗಿ ಬರುತ್ತಿದ್ದಳು, ನಡೆದು.
ಮರಳಿ ಚೀಲ ಮುಟ್ಟಿದರೆ ಮುಗಿಯಿತು,
ಆಮೇಲೆ ಕೇಳಿದರೂ ಕೇಳಿದಂತಲ್ಲ.
ಹತ್ತು. ಒಂಬತ್ತು.

ನನ್ನಪ್ಪ ಬಳ್ಳಾರಿ ಕೋರ್ಟಿನ ಜವಾನ.
ವರಾಂಡಕ್ಕೆ ಬಂದು ಮೂರು ಸಲ ಹೆಸರು ಕೂಗುವುದು,
ಅಷ್ಟೇ ಕೆಲಸ.
ಒಂದಿನ ಕಾಗದದಲ್ಲಿ ಈರಮ್ಮ ಅಂತಿತ್ತು,
ಬೇವಿನ ಕೆಳಗೆ ಕೂತವಳು ಎರ್ರೆಮ್ಮ.
ಮೂರು ಸಲ ಈರಮ್ಮ ಎಂದು ಕೂಗಿ ಒಳಗೆ ಹೋದ.
"ಅವಳೇ ಅಂತ ಗೊತ್ತಿತ್ತೇನಪ್ಪಾ?" ಅಂದೆ.
ಅನ್ನಕ್ಕೆ ಮಜ್ಜಿಗೆ ಕಲಸುತ್ತ "ಗೊತ್ತಿತ್ತು" ಅಂದ.
ಅವತ್ತು ಉಪ್ಪು ಕೇಳಲಿಲ್ಲ.

ಆರು. ಐದು.
ಉರುಕುಂದಮ್ಮ ಕಾಲು ಝಾಡಿಸಿ ಚೀಲದ ಮೇಲೆ ಊರಿದಳು.
ಧೂಳು ಕೊಡವಿದ್ದೋ, ಅಪೀಲೋ?
ಬೇಕೆಂದೇ ಊರಿದರೆ ಒಂದು ಲೆಕ್ಕ, ಸುಮ್ಮನೆ ಊರಿದರೆ ಇನ್ನೊಂದು,
ಬೇಕೆಂಬುದು ಕಾಲಿನಲ್ಲಿ ಕಾಣುವುದಿಲ್ಲ.
ಚೆಂಡು ನೋಡಿಕೊಂಡು ಅಂದಳು:
"ತುಳ್ದಿಲ್ಲ."

ಯಾರು?
ತುಳಿದಳು ಅಂದರೆ ಅವಳು, ತುಳಿದೆ ಅಂದರೆ ನಾನು,
ತುಳಿದಿಲ್ಲ ಅಂದರೆ
ಸಿರುಗುಪ್ಪದಿಂದ ಸಂಡೂರಿನ ತನಕ ಯಾರೂ ಆಗಬಹುದು.
ಮಾರೆಕ್ಕನ ಮೇಲಿನ ದೂರೋ,
ನಂದೇ ಕಾಲು ತಪ್ಪಿತು ಎಂದು ಗೆಳತಿಯರಿಗೆ ಒಪ್ಪಿಕೊಂಡದ್ದೋ?
ಮೂರು. ಎರಡು.
ಒಂದರಲ್ಲಿ ಮಾರೆಕ್ಕ ನಿಂತುಬಿಟ್ಟಳು,
ಬೂಟು ಎತ್ತಿ, ಇಡದೆ.
ಅವಳಿಗೂ ಗೊತ್ತಿತ್ತು.

ಕೇಳಬಹುದೇ ನಾನು?
ಪುಸ್ತಕದ ಇಂಗ್ಲಿಷಿನಲ್ಲಿ ಕಿವಿಯ ಕೆಲಸಕ್ಕೆ ಒಂದು ಪದ,
ಬಾಯಿಯ ಕೆಲಸಕ್ಕೆ ಬೇರೆ.
ನಮ್ಮವ್ವನ ಬಾಯಲ್ಲಿ ಎರಡೂ ಒಂದೇ,
ಕೇಳು ಅನ್ನುತ್ತಿದ್ದಳು, ಕೇಳಿ ಕೇಳು ಅನ್ನುತ್ತಿದ್ದಳು.
ಕೇಳಿದೆ.
"ಯಾರು ತುಳಿದಿಲ್ಲಮ್ಮಾ?"

ಉರುಕುಂದಮ್ಮ ಆ ಬೂಟು ನೋಡಿದಳು,
ತನ್ನ ಕ್ಯಾನ್ವಾಸ್ ನೋಡಿದಳು.
"ಇಬ್ರೂನೂ ಸಾರ್."

ಮುಷ್ಟಿ ಎತ್ತಿದೆ.
ಸಂಡೂರಿನ ಮೇಷ್ಟ್ರು ಟೋಪಿ ಕೈಯಲ್ಲಿ ಹಿಡಿದು ಓಡಿ ಬಂದರು,
ಅವಳೇನು ಕೇಳಿದಳಾ, ನೀವೇ ಕೇಳಿಸಿದ್ರಾ?
ಮಾರೆಕ್ಕ ಗೆರೆಯಾಚೆ ಕೂತು
ಬೂಟು ಬಿಚ್ಚಿ ಹತ್ತಿ ಕೊಡವುತ್ತಿದ್ದಳು.
ಹೊನ್ನೂರಪ್ಪ ಪೆನ್ನು ಮೇಲೆತ್ತಿ ಕೂಗಿದ:
"ಸಾರ್, ಯಾರ ಹೆಸರು ಬರೀಲಿ? ಇಲ್ಲಿ ಒಂದೇ ಮನೆ ಐತಿ."

ನಾನು ನೀರು ಕೇಳಿದೆ.